ಸಂಕದಿಂದ ಮೂರು ಸಲ ಬಿದ್ದ ಮಾವ: ಒಂದು ನರದ ಪ್ರಕರಣ

ಮಾವ ಬಿದ್ದದ್ದು ಅಡಿಕೆ ಮರದ ಸಂಕದಿಂದ. ಕಾಸರಗೋಡಿನ ಬದಿಯಡ್ಕದ ಆಚೆ ಅವರ ಮನೆಗೂ ತೋಟಕ್ಕೂ ನಡುವೆ ಸಣ್ಣ ತೋಡು ಒಂದಿದೆ. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಐವತ್ತು ವರ್ಷದಿಂದ ಅದರ ಮೇಲೆ ನಡೆದವರು, ತಲೆ ಮೇಲೆ ಹುಲ್ಲಿನ ಕಟ್ಟ ಹೊತ್ತೂ ನಡೆದವರು. ದೀಪಾವಳಿ ಕಳೆದು ಮೂರನೇ ಸಲ ಬಿದ್ದಾಗ ಮಗ ಹಿಡಿದು ನನ್ನ ಕ್ಲಿನಿಕ್ಕಿಗೆ ಕರೆತಂದ. ಮೊಣಕೈ ತರಚಿತ್ತು, ಅಷ್ಟೆ. ಮರ್ಯಾದೆಗೆ ಆದ ಪೆಟ್ಟೇ ಜಾಸ್ತಿ.

ಮಾವ ಅಂದರೆ ನನ್ನ ಸ್ವಂತ ಮಾವ ಅಲ್ಲ. ನಮ್ಮ ಕಡೆ ಆ ಪ್ರಾಯದವರನ್ನು ಕರೆಯುವುದೇ ಹಾಗೆ. ಗುರುತು ಸಿಗುವಂಥದ್ದು ಏನನ್ನೂ ಇಲ್ಲಿ ಹಾಕಿಲ್ಲ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನ ಹೆಸರು ಬೇಡ, ಸಂಕದ್ದು ಮಾತ್ರ ಬರೆಯಿರಿ" ಅಂದಿದ್ದಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮೊದಲ ತಪ್ಪು ನನ್ನದು.

ಆಟಿಯಲ್ಲಿ ಬಂದಾಗ

ಪ್ರಾಯ 63. ಸಕ್ಕರೆ ಕಾಯಿಲೆ ಶುರುವಾಗಿ 14 ವರ್ಷ. 11 ವರ್ಷದಿಂದ ಮೆಟ್‌ಫಾರ್ಮಿನ್, ದಿನಕ್ಕೆ ಒಟ್ಟು 2 ಗ್ರಾಂ. ಸಕ್ಕರೆ ಚೆನ್ನಾಗಿ ಹತೋಟಿಯಲ್ಲಿತ್ತು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.1. ಬೀಡಿ, ಕುಡಿತ ಇಲ್ಲ. ವೀಳ್ಯದೆಲೆ ಉಂಟು. ಊಟ ಶುದ್ಧ ಸಸ್ಯಾಹಾರ.

ತುಳುವರ ಆಟಿ ತಿಂಗಳ ಜಡಿಮಳೆಯ ಒಂದು ಸಂಜೆ ಬಂದಿದ್ದರು. "ಡಾಕ್ಟ್ರೇ, ಪಾದ ಉರೀತದೆ. ಜೋಮು ಹಿಡಿದ ಹಾಗೆ. ರಾತ್ರಿ ಜಾಸ್ತಿ." ಹೊರಗೆ ಜ್ವರದವರ ಸಾಲು. ಪಾದ ನೋಡಿದೆ, ಗಾಯ ಇಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಒಂದು ಇರುತ್ತದೆ ನಮ್ಮ ಹತ್ತಿರ. ಅದನ್ನು ಬೆರಳಿಗೆ ಒತ್ತಿದೆ. ಎರಡು ಮೂರು ಕಡೆ ಗೊತ್ತಾಗಲಿಲ್ಲ. ಸಕ್ಕರೆಯಿಂದ ನರಕ್ಕೆ ತೊಂದರೆ ಅಂತ ಫೈಲಿನಲ್ಲಿ ಬರೆದು ಪ್ರಿಗ್ಯಾಬಲಿನ್ ಕೊಟ್ಟೆ. ಐದು ನಿಮಿಷದ ಕೆಲಸ.

ಉರಿ ಸ್ವಲ್ಪ ಕಮ್ಮಿ ಆಯಿತು. ಕಮ್ಮಿ ಆದದ್ದೇ ಮೋಸ ಆಯಿತು. ಮಾತ್ರೆ ಕೆಲಸ ಮಾಡಿತು ಅಂದರೆ ಕಾಯಿಲೆಯ ಹೆಸರೂ ಸರಿ ಅಂತ ನಾನು ಸುಮ್ಮನಾದೆ. ಆ ಮಾತ್ರೆ ಯಾವ ಕಾರಣದ ನರದ ಉರಿಯನ್ನೂ ಒಂದಿಷ್ಟು ಅಡಗಿಸುತ್ತದೆ. ಕಾರಣ ಹೇಳುವುದಿಲ್ಲ.

ಜೋಮು ಎಂಬ ಮಾತೂ ನನ್ನನ್ನು ದಾರಿ ತಪ್ಪಿಸಿತು ಅನ್ನಬೇಕು. ಮುಟ್ಟಿದ್ದು ಗೊತ್ತಾಗದೆ ಇರುವುದಕ್ಕೂ ಜೋಮು ಅನ್ನುತ್ತೇವೆ. ಯಾರೂ ಮುಟ್ಟದೆ ಚುಮುಚುಮು ಆಗುವುದಕ್ಕೂ ಜೋಮು ಅನ್ನುತ್ತೇವೆ. ಇಲ್ಲಿನ ಮಲಯಾಳದವರ "ತರಿಪ್ಪು" ಕೂಡ ಅಂಥದ್ದೇ. ಆದರೆ ಮೊದಲನೆಯದರಲ್ಲಿ ಕಾಲಿನಿಂದ ಸುದ್ದಿ ಹೋಗುತ್ತಿಲ್ಲ. ಎರಡನೆಯದರಲ್ಲಿ ಇಲ್ಲದ ಸುದ್ದಿ ಹೋಗುತ್ತಿದೆ. ಯಾವುದು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಎರಡನೇ ಸಲ, ಕುರ್ಚಿ ಎಳೆದು ಕೂತು

"ಉರಿಯ ಮಾತು ಬಿಡಿ ಮಾವ. ನಡೆಯುವಾಗ ನೆಲ ಹೇಗೆ ಅನಿಸ್ತದೆ?"

"ಹಾಸಿಗೆ ಮೇಲೆ ನಡೆದ ಹಾಗೆ. ಅಡಿಯಲ್ಲಿ ನೆಲ ಉಂಟೋ ಇಲ್ಲವೋ ಅಂತ ಆಗ್ತದೆ."

ಅತ್ತೆ ಮಧ್ಯೆ ಬಾಯಿ ಹಾಕಿದರು. "ಚಪ್ಪಲಿ ಕಳಚಿ ಹೋದದ್ದೂ ಇವರಿಗೆ ಗೊತ್ತಾಗುವುದಿಲ್ಲ. ಒಂದೇ ಕಾಲಿಗೆ ಹಾಕಿಕೊಂಡು ಮನೆಗೆ ಬರ್ತಾರೆ. ಮೊನ್ನೆ ಇನ್ನೊಂದು ಕಣಿಯಲ್ಲಿ ಸಿಕ್ಕಿತು."

ಬಿದ್ದದ್ದು ಯಾವಾಗ ಅಂತ ಕೇಳಿದೆ. ಮೂರು ಸಲವೂ ಮುಸ್ಸಂಜೆ. ಹಗಲಲ್ಲಿ ಒಂದು ಸಲವೂ ಇಲ್ಲ. "ಹಗಲಲ್ಲಿ ಕಾಲು ನೋಡಿಕೊಂಡು ಹೋಗ್ತೇನಲ್ವಾ" ಅಂದರು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಾಕಿ ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕಂತೆ.

ಕೈ ಹೇಗಿದೆ ಅಂದೆ. ಕೈ ಸರಿ ಇದೆ ಅಂದರು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು. "ಸುಣ್ಣ ಎಷ್ಟು ತೆಗೆದೆ ಅಂತ ಬೆರಳಿಗೆ ತಿಳಿಯುವುದಿಲ್ಲ. ಎರಡು ಸಲ ಬಾಯಿ ಸುಟ್ಟುಕೊಂಡೆ." ಕಿಸೆಯಲ್ಲಿರುವುದು ಒಂದು ರೂಪಾಯಿಯೋ ಐದು ರೂಪಾಯಿಯೋ ಅಂತ ಹೊರಗೆ ತೆಗೆದು ನೋಡಬೇಕಂತೆ. ಇದೂ ಶುರುವಾದದ್ದು ಪಾದದ ಜೊತೆಗೇ, ಆಟಿಯ ಹೊತ್ತಿಗೆ.

ಇಲ್ಲಿ ನನ್ನ ಪೆನ್ನು ನಿಂತಿತು. ಸಕ್ಕರೆಯಿಂದ ಕೆಡುವ ನರ ಸಾಮಾನ್ಯವಾಗಿ ಉದ್ದದ್ದರಿಂದ ಶುರು ಮಾಡುತ್ತದೆ. ಮೊದಲು ಕಾಲ್ಬೆರಳು, ಆಮೇಲೆ ಪಾದ, ಮೀನಗಂಡ. ಜೋಮು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ಸರದಿ. ಕೈಕಾಲು ಎರಡೂ ಒಟ್ಟಿಗೆ ಶುರುವಾದರೆ ಬೇರೆ ಏನೋ ಇದೆ ಅಂತ ಅರ್ಥ.

ಹೋಗುವ ಮುಂಚೆ ಇನ್ನೊಂದು ಮಾತು, ಅವರಾಗಿಯೇ ಹೇಳಿದ್ದು. ಅಡಿಕೆ ಸುಲಿಯಲು ಕೂತು ತಲೆ ಬಗ್ಗಿಸಿದರೆ ಬೆನ್ನಿನಿಂದ ಕಾಲಿನವರೆಗೆ ಕರೆಂಟು ಹೊಡೆದ ಹಾಗೆ ಆಗುತ್ತದೆ. "ಮೆಟ್ಟುಕತ್ತಿಯೇ ಗ್ರಹಚಾರದ್ದು ಅಂತ ಬೇರೆ ತಂದೆ." ಬೇರೆ ಮೆಟ್ಟುಕತ್ತಿಯಲ್ಲೂ ಕರೆಂಟು ಹೊಡೆಯಿತು. ತಲೆ ಬಗ್ಗಿಸಿದಾಗ ಕುತ್ತಿಗೆಯೊಳಗಿನ ಮಿದುಳುಬಳ್ಳಿ ಸ್ವಲ್ಪ ಎಳೆಯುತ್ತದೆ. ಅಲ್ಲಿನ ನರದ ಎಳೆಗಳ ಹೊದಿಕೆ ಕೆಟ್ಟಿದ್ದರೆ ಆ ಎಳೆತಕ್ಕೇ ಸುಳ್ಳು ಸುದ್ದಿ ಹೊರಡುತ್ತದೆ. ಅಂದರೆ ತೊಂದರೆ ಪಾದದಲ್ಲಿ ಮಾತ್ರ ಇಲ್ಲ.

ಎರಡು ಲೋಟ, ಒಂದು ಕವೆ

ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಕಾಗಲಿಲ್ಲ. ಎರಡು ಸ್ಟೀಲ್ ಲೋಟ ತಂದೆ. ಒಂದರಲ್ಲಿ ಫ್ರಿಜ್ಜಿನ ನೀರು, ಇನ್ನೊಂದರಲ್ಲಿ ಹದ ಬಿಸಿನೀರು. ಕಣ್ಣು ಮುಚ್ಚಿಸಿ ಪಾದಕ್ಕೆ ತಾಗಿಸಿದೆ. ತಂಪು, ಬಿಸಿ, ಬಿಸಿ, ತಂಪು. ಒಂದೂ ತಪ್ಪಲಿಲ್ಲ. ಪಿನ್ನು ಚುಚ್ಚಿದಾಗ ಬೆರಳ ತುದಿಯಲ್ಲಿ ಸ್ವಲ್ಪ ಮಂದ, ಮೇಲೆ ಸರಿ.

ಆಮೇಲೆ ಶ್ರುತಿಕವೆ. ಸೆಕೆಂಡಿಗೆ 128 ಸಲ ನಡುಗುವಂಥದ್ದು. ಬಡಿದು ಹೆಬ್ಬೆರಳಿನ ಎಲುಬಿನ ಮೇಲೆ ಇಟ್ಟೆ.

"ನಡುಗ್ತಾ ಉಂಟಾ?"

"ಹೌದು."

ಇಷ್ಟು ಬೇಗ ಹೌದು ಅಂದರೆ ನನಗೆ ಸಂಶಯ. ಈ ಸಲ ಬಡಿಯದೆ ಸುಮ್ನೆ ಇಟ್ಟೆ.

"ಈಗ?"

"ಈಗಲೂ ನಡುಗ್ತದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಡಾಕ್ಟರಿಗೆ ಬೇಕಾದ ಉತ್ತರ ಇದೇ ಇರಬೇಕು ಅಂತ ಅಂದಾಜು ಮಾಡುತ್ತಿದ್ದರು. ತಣ್ಣಗಿನ ಕಬ್ಬಿಣ ತಾಗಿದ್ದು ಗೊತ್ತಾಗುತ್ತಿತ್ತು, ನಡುಕ ಗೊತ್ತಾಗುತ್ತಿರಲಿಲ್ಲ. ಮೊದಲು ಕವೆಯನ್ನು ಹಣೆಗೆ ಇಟ್ಟು, ನಡುಕ ಅಂದರೆ ಇದು ಅಂತ ತೋರಿಸಿ ಮತ್ತೆ ಕೆಳಗಿನಿಂದ ಶುರು ಮಾಡಿದೆ. ಹೆಬ್ಬೆರಳು ಇಲ್ಲ. ಕಾಲಿನ ಹರಡು ಇಲ್ಲ. ಮೊಣಕಾಲು ಇಲ್ಲ. ಸೊಂಟದ ಎಲುಬಿಗೆ ಬಂದಾಗ "ಆಂ, ಇದು" ಅಂದರು.

ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಎರಡು ಬದಿ ಹಿಡಿದು ಮೇಲೆ ಕೆಳಗೆ ಮಾಡಿದೆ. ಯಾವ ಕಡೆ ಹೋಯಿತು ಅಂತ ಹೇಳಬೇಕು. ಹತ್ತರಲ್ಲಿ ಐದು ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ನಿಲ್ಲಿಸಿ, ಪಾದ ಜೋಡಿಸಿ, ಕಣ್ಣು ಮುಚ್ಚಿ ಅಂದೆ. ಎರಡು ಸೆಕೆಂಡು. ಪಕ್ಕದಲ್ಲಿ ಮಗ ನಿಂತಿದ್ದು ಒಳ್ಳೆಯದಾಯಿತು. ಕಣ್ಣು ತೆರೆದರೆ ನಿಲ್ಲುತ್ತಾರೆ, ಮುಚ್ಚಿದರೆ ಬೀಳುತ್ತಾರೆ. 19ನೇ ಶತಮಾನದಲ್ಲಿ ಬರ್ಲಿನ್ನಿನ ಮೋರಿಟ್ಸ್ ರೋಂಬರ್ಗ್ ಬರೆದಿಟ್ಟ ಪರೀಕ್ಷೆ ಇದು. ಮಾವನ ಸಂಕ ದಿನಾ ಸಂಜೆ ಇದೇ ಪರೀಕ್ಷೆ ಮಾಡುತ್ತಿತ್ತು.

ಸುತ್ತಿಗೆ ಹಿಡಿದೆ. ಹಿಮ್ಮಡಿಯ ಮೇಲಿನ ಸ್ನಾಯುಹುರಿಗೆ ಬಡಿದರೆ ಪಾದ ಅಲುಗಲಿಲ್ಲ. ಮೊಣಕಾಲಿಗೆ ಬಡಿದರೆ ಕಾಲು ಹಾರಿತು, ಬೇಕಾದ್ದಕ್ಕಿಂತ ಜಾಸ್ತಿ. ಅಂಗಾಲನ್ನು ಕೀ ತುದಿಯಿಂದ ಗೀರಿದಾಗ ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲೆ ಎದ್ದಿತು. ದೊಡ್ಡವರಲ್ಲಿ ಹಾಗೆ ಎದ್ದರೆ ಮಿದುಳಿನಿಂದಲೋ ಮಿದುಳುಬಳ್ಳಿಯಿಂದಲೋ ದೂರು ಬಂದಿದೆ ಅಂತ. ಬರೀ ಸಕ್ಕರೆಯ ನರದಲ್ಲಿ ಇದು ಬರುವುದಿಲ್ಲ.

ಒಂದೇ ಪಾದ, ಎರಡು ದಾರಿ

ಒಂದೇ ಪಾದ, ಒಂದೇ ಚರ್ಮ. ಬಿಸಿ ಗೊತ್ತಾಗುತ್ತದೆ, ನಡುಕ ಗೊತ್ತಾಗುವುದಿಲ್ಲ. ಹೇಗೆ? ಮಗ ಕೇಳಿದ ಪ್ರಶ್ನೆ ಇದು. ಅವತ್ತು ಕಾಗದದ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹೆಬ್ಬೆರಳಿನ ಸುದ್ದಿ ತರುವ ನರಕೋಶದ ಗುಂಡಿಗೆ, ಅಂದರೆ ಅದರ ಮುಖ್ಯ ದೇಹ, ಇರುವುದು ಕಾಲಿನಲ್ಲಿ ಅಲ್ಲ. ಸೊಂಟದ ಹತ್ತಿರ, ಬೆನ್ನೆಲುಬಿನ ಪಕ್ಕದ ಸಣ್ಣ ಗಂಟಿನಲ್ಲಿ. ಅಲ್ಲಿಂದ ಒಂದು ಕಡ್ಡಿ ಹೊರಟು ಎರಡಾಗಿ ಕವಲು ಒಡೆಯುತ್ತದೆ. ಒಂದು ಕವಲು ಹೆಬ್ಬೆರಳಿನವರೆಗೆ ಇಳಿಯುತ್ತದೆ. ಇನ್ನೊಂದು ಮಿದುಳುಬಳ್ಳಿಗೆ ನುಗ್ಗುತ್ತದೆ. ನಡುಕದ ಸುದ್ದಿ ಒಯ್ಯುವ ಕೋಶವಾದರೆ ಆ ಎರಡನೇ ಕವಲು ಎಲ್ಲೂ ನಿಲ್ಲದೆ ಕತ್ತಿನ ಮೇಲೆ, ತಲೆಬುರುಡೆಯ ಬುಡದವರೆಗೆ ಏರುತ್ತದೆ. ಒಂದೇ ಒಂದು ಕೋಶ, ಉದ್ದ ಸುಮಾರು ಒಂದೂವರೆ ಮೀಟರ್. ಅಗಲ ಕಣ್ಣಿಗೆ ಕಾಣದಷ್ಟು. ನಮ್ಮ ಮೈಯ ಅತಿ ಉದ್ದದ ಕೋಶಗಳಲ್ಲಿ ಇದೂ ಒಂದು.

ಸುದ್ದಿ ಹುಟ್ಟುವುದು ತುದಿಯಲ್ಲಿ. ಪಾದದ ಆಳದಲ್ಲಿ ನೀರುಳ್ಳಿಯ ಹಾಗೆ ಪದರ ಪದರವಾಗಿ ಸುತ್ತಿದ ಸಣ್ಣ ಗುಳಿಗೆಗಳಿವೆ. ನಡುಕಕ್ಕೆ ಅವು ಬಹಳ ಸೂಕ್ಷ್ಮ. ಒತ್ತಿದಾಗ ನರತುದಿಯ ಪೊರೆ ಎಳೆಯುತ್ತದೆ, ಅದರಲ್ಲಿನ ಬಾಗಿಲುಗಳು ತೆರೆಯುತ್ತವೆ. ಒತ್ತಡಕ್ಕೆ ತೆರೆಯುವ ಆ ಬಾಗಿಲು ಯಾವ ಪ್ರೋಟೀನು ಅಂತ ಆರ್ಡೆಮ್ ಪಟಪೂಟಿಯನ್ ತಂಡ ಹೇಳಿದ್ದು 2010ರಲ್ಲಿ. ಬಿಸಿಗೆ ಬೇರೆ ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆಯುವ ಆ ಬಾಗಿಲನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಹುಡುಕಿತು. ಹುಡುಕಿದ್ದು ಮೆಣಸಿನ ಖಾರದ ಸತ್ವ ಹಿಡಿದುಕೊಂಡು. ಗಾಂಧಾರಿ ಮೆಣಸು ಕಚ್ಚಿದರೆ ಬಾಯಿ "ಸುಡುವುದು" ಅದಕ್ಕೇ, ಖಾರವೂ ಅದೇ ಬಾಗಿಲು ತೆರೆಯುತ್ತದೆ. 2021ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಬಾಗಿಲು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ. ಸುಮ್ಮನಿರುವಾಗ ನರದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ. ಸೋಡಿಯಂ ನುಗ್ಗಿದಾಗ ಕ್ಷಣ ಮಾತ್ರ ಅದು ತಿರುವುಮುರುವು ಆಗುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ ಮೊದಲಿನಂತೆ ಆಗುತ್ತದೆ. ಅಷ್ಟರಲ್ಲಿ ಪಕ್ಕದ ಜಾಗದ ಬಾಗಿಲು ತೆರೆದಿರುತ್ತದೆ. ಹೀಗೆ ಮುಂದೆ ಮುಂದೆ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇದರ ಲೆಕ್ಕವನ್ನು 1952ರಲ್ಲಿ ಬಿಡಿಸಿ ತೋರಿಸಿದರು, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರ ಇಟ್ಟುಕೊಂಡು. ನಮ್ಮ ಕಡಲಲ್ಲಿ ಸಿಗುವ ಬೊಂಡಾಸಿನ ಬಳಗದ್ದೇ.

ನರ ಅಂದರೆ ಕರೆಂಟಿನ ವಯರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಪೂರ್ತಿ ಹಿಡಿಸುವುದಿಲ್ಲ. ಮಾಡಿಗೆ ಹಂಚು ಹೊದಿಸುವುದನ್ನು ನೋಡಿದ್ದೀರಲ್ವಾ? ಅಂಗಳದಿಂದ ಏಣಿವರೆಗೆ ಸಾಲಾಗಿ ಜನ ನಿಂತು ಕೈಯಿಂದ ಕೈಗೆ ಹಂಚು ದಾಟಿಸುತ್ತಾರೆ. ಪ್ರತಿಯೊಬ್ಬನೂ ತನ್ನ ಶಕ್ತಿ ಹಾಕುತ್ತಾನೆ. ಹಾಗಾಗಿ ಮೊದಲನೆಯವನು ಕೊಟ್ಟ ಹಂಚು ಕೊನೆಯವನಿಗೂ ಇಡಿಯಾಗಿಯೇ ಸಿಗುತ್ತದೆ, ಅರ್ಧ ಹಂಚು ಬರುವುದಿಲ್ಲ. ನರದ ಸುದ್ದಿಯೂ ಹಾಗೇ. ಬಂದರೆ ಇಡೀ, ಇಲ್ಲದಿದ್ದರೆ ಇಲ್ಲ. ಮೆಲ್ಲಗೆ ಮುಟ್ಟಿದರೂ ಗಟ್ಟಿಯಾಗಿ ಒತ್ತಿದರೂ ಹಂಚಿನ ಗಾತ್ರ ಒಂದೇ. ಗಟ್ಟಿಯಾಗಿ ಒತ್ತಿದರೆ ಸೆಕೆಂಡಿಗೆ ಜಾಸ್ತಿ ಹಂಚು ಹೋಗುತ್ತವೆ, ಅಷ್ಟೆ. ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ 1926ರ ಹೊತ್ತಿಗೆ ಒಂದೊಂದೇ ನರದ ಎಳೆಯಿಂದ ಇದನ್ನು ದಾಖಲಿಸಿದರು. 1932ರಲ್ಲಿ ನೊಬೆಲ್ ಹಂಚಿಕೊಂಡರು.

ಹಾಗಾದರೆ ಎಲ್ಲಾ ಹಂಚೂ ಒಂದೇ ಥರ ಇದ್ದರೆ ಇದು ಬಿಸಿ, ಇದು ನಡುಕ ಅಂತ ಮಿದುಳಿಗೆ ಗೊತ್ತಾಗುವುದು ಹೇಗೆ? ಯಾವ ಸಾಲಿನಿಂದ ಬಂತು ಎಂಬುದರಿಂದ. ಕತ್ತಲಲ್ಲಿ ಕಣ್ಣು ಮುಚ್ಚಿ ರೆಪ್ಪೆಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬೆಳಕಿನ ಉಂಗುರ ಕಾಣುತ್ತದೆ. ಒತ್ತಿದ್ದು ಬೆರಳು. ಆದರೆ ಕಣ್ಣಿನ ಸಾಲಿನಿಂದ ಬಂದದ್ದೆಲ್ಲ ಮಿದುಳಿಗೆ ಬೆಳಕೇ. 19ನೇ ಶತಮಾನದ ಮೊದಲ ಅರ್ಧದಲ್ಲಿ ಯೋಹಾನೆಸ್ ಮ್ಯೂಲರ್ ಈ ಮಾತನ್ನು ಹೇಳಿದ್ದರು.

ಪಾದದ ಸಾಲುಗಳು ಎರಡು ಗುಂಪು. ಮಿದುಳುಬಳ್ಳಿ ಹೊಕ್ಕ ಮೇಲೆ ಇವುಗಳ ದಾರಿಯೇ ಬೇರೆ. ನೋವು ಮತ್ತು ಬಿಸಿ ತಂಪಿನ ಸಾಲು ಒಳಗೆ ಬಂದ ಜಾಗದ ಹತ್ತಿರವೇ ಇನ್ನೊಂದು ಕೋಶಕ್ಕೆ ಸುದ್ದಿ ಒಪ್ಪಿಸುತ್ತದೆ. ಆ ಕೋಶ ಬಳ್ಳಿಯೊಳಗೇ ಎದುರು ಬದಿಗೆ ದಾಟಿ ಮೇಲೇರುತ್ತದೆ. ನಡುಕ, ನಯವಾದ ಸ್ಪರ್ಶ, ಕೈಕಾಲು ಎಲ್ಲಿದೆ ಎಂಬ ಅರಿವು, ಇವುಗಳ ಸಾಲು ದಾಟುವುದಿಲ್ಲ. ಅದೇ ಬದಿಯಲ್ಲಿ, ಬಳ್ಳಿಯ ಬೆನ್ನಿನ ಕಡೆಯ ಪಟ್ಟಿಯಲ್ಲಿ, ನೇರ ಮೇಲೆ ಹೋಗಿ ತಲೆಬುರುಡೆಯ ಬುಡದಲ್ಲಿ ಬೇರೆ ಕೋಶಕ್ಕೆ ಒಪ್ಪಿಸಿ, ಆ ಕೋಶ ಅಲ್ಲಿ ದಾಟುತ್ತದೆ. ಎರಡೂ ಕೊನೆಗೆ ಥಲಾಮಸ್ ಎಂಬ ಜಂಕ್ಷನ್ನಿಗೆ ಬಂದು, ಅಲ್ಲಿಂದ ಮಿದುಳಿನ ಮೇಲ್ಪದರದ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಪಾದದ ಜಾಗ ಎಡ ಬಲ ಮಿದುಳಿನ ನಡುವಿನ ಸಂದಿಯೊಳಗೆ, ಹೊರಗಿನಿಂದ ಕಾಣದ ಕಡೆ.

ವೇಗವೂ ಬೇರೆ. ನಡುಕದ ಸಾಲಿನ ಎಳೆ ದಪ್ಪ, ಮೇಲೆ ಕೊಬ್ಬಿನ ಹೊದಿಕೆ. ಮಯಲಿನ್ ಅಂತ ಹೆಸರು. ಹೊದಿಕೆ ಅಲ್ಲಲ್ಲಿ ಬಿಟ್ಟಿರುತ್ತದೆ, ಸುದ್ದಿ ಆ ಬಿಟ್ಟ ಜಾಗದಿಂದ ಮುಂದಿನ ಬಿಟ್ಟ ಜಾಗಕ್ಕೆ ಜಿಗಿಯುತ್ತದೆ. ಹಂಚಿನವರು ದೂರ ದೂರ ನಿಂತು ಎಸೆದು ಹಿಡಿದ ಹಾಗೆ. ಸೆಕೆಂಡಿಗೆ 35ರಿಂದ 75 ಮೀಟರ್. ಉರಿ, ಕಾಯುವ ನೋವು ತರುವ ತೆಳು ಎಳೆಗೆ ಹೊದಿಕೆ ಇಲ್ಲ. ಅದು ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ನಾವು ನಡೆಯುವ ವೇಗ. ಕಲ್ಲಿಗೆ ಎಡವಿದಾಗ ಮೊದಲು "ತಾಗಿತು" ಅಂತ ಗೊತ್ತಾಗುತ್ತದೆ. ಹಲ್ಲು ಕಚ್ಚಿ ಕಾಯಬೇಕಾದ ಆ ನೋವು ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಗಮನಿಸಿ ನೋಡಿ. ನರದ ವೇಗವನ್ನು ಅಳೆಯುವುದು ಆಗದ ಕೆಲಸ ಅಂತಲೇ ಮೊದಲು ನಂಬಿದ್ದರು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದೇಬಿಟ್ಟರು. ಸೆಕೆಂಡಿಗೆ 30 ಮೀಟರಿಗೂ ಕಮ್ಮಿ ಸಿಕ್ಕಿತು. ಮಿಂಚಿನ ವೇಗ ಅಂದುಕೊಂಡದ್ದು ರೈಲಿನ ವೇಗ.

ಈಗ ಮಾವನ ಕಾಲಿಗೆ ಬನ್ನಿ. ತೆಳು ಎಳೆಯ ಸಾಲು ಹೆಚ್ಚುಕಮ್ಮಿ ಸರಿ. ದಪ್ಪ ಹೊದಿಕೆಯ ಸಾಲು ಕೆಟ್ಟಿದೆ. ಕೈಯಿಂದಲೂ ಕೆಟ್ಟಿದೆ. ಕತ್ತು ಬಗ್ಗಿಸಿದರೆ ಕರೆಂಟು. ಬಳ್ಳಿಯ ಪಕ್ಕದಲ್ಲಿ ಇಳಿಯುವ ಚಲನೆಯ ದಾರಿಗೂ ಪೆಟ್ಟಾಗಿದೆ, ಅದಕ್ಕೇ ಹೆಬ್ಬೆರಳು ಮೇಲೆದ್ದದ್ದು. ಕತ್ತಿನ ಮಟ್ಟದಲ್ಲಿ ಬಳ್ಳಿಯ ಬೆನ್ನಿನ ಪಟ್ಟಿ ಮತ್ತು ಪಕ್ಕದ ಪಟ್ಟಿಯನ್ನು ಹುಡುಕಿ ಹುಡುಕಿ ಹೊಡೆಯುವ ಕಾಯಿಲೆಗಳು ಬಹಳ ಇಲ್ಲ. ಬಾಯಿ ತೆರೆಸಿ ನಾಲಗೆ ನೋಡಿದೆ. ಕೆಂಪಗೆ, ನುಣ್ಣಗೆ ಇತ್ತು. ವಿಟಮಿನ್ ಬಿ12 ಕಮ್ಮಿ ಆದಾಗ ಕಾಣುವ ಗುರುತು ಅದು. ಆಟಿಯಲ್ಲೇ ನೋಡಬಹುದಿತ್ತು.

ಸಂಶಯಗಳ ಸಾಲು

ಬಿ12 ಪರೀಕ್ಷೆಗೆ ರಕ್ತ ಕಳಿಸಿದೆ. ವರದಿ ಬರುವವರೆಗೆ ಮನೆಯಲ್ಲಿ ಬೇರೆ ಚರ್ಚೆ. ನಮ್ಮ ಕಡೆ ನರದ ಕಾಯಿಲೆ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಎಂಡೋಸಲ್ಫಾನ್. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದನ್ನು ಕಂಡ ಊರು ಇದು. 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿದ ಮೇಲೂ ಭಯ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಮಗ ಅದನ್ನೇ ಕೇಳಿದ. ಆ ವಿಷದ ಕೆಲಸ ಬೇರೆ ಥರ. ಅದು ಮಿದುಳಿನ ಕೋಶಗಳನ್ನು ತಡೆಹಿಡಿಯುವ ಸಂಕೇತವನ್ನೇ ಕೆಡಿಸುತ್ತದೆ, ಹಾಗಾಗಿ ಜೋರು ವಿಷವಾದಾಗ ಫಿಟ್ಸ್ ಬರುತ್ತದೆ. ಇಷ್ಟು ವರ್ಷ ಕಳೆದು, ಬೆನ್ನಿನ ಪಟ್ಟಿಯನ್ನು ಮಾತ್ರ ಆರಿಸಿ ಕೆಡಿಸುವ ಚಿತ್ರ ಅದರದ್ದಲ್ಲ ಅಂದೆ.

ಅತ್ತೆಯ ಸಂಶಯ ತಾಮ್ರ ಇರುವ ಮೈಲುತುತ್ತಿನ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಅದಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವವರು ಮಾವನೇ. ತಾಮ್ರ ಮೈಗೆ ಹತ್ತಿರಬೇಕು ಅಂತ. ತಮಾಷೆ ಏನೆಂದರೆ, ತಾಮ್ರ ಜಾಸ್ತಿ ಆದರೆ ಅಲ್ಲ, ಕಮ್ಮಿ ಆದರೆ ಬಿ12 ಕೊರತೆಯ ಹಾಗೇ ಕಾಣುವ ಕಾಯಿಲೆ ಬರುತ್ತದೆ. ಅದನ್ನೂ ನೋಡಿದೆವು, ಸರಿ ಇತ್ತು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕೂಡ ಇದೇ ಬೆನ್ನಿನ ಪಟ್ಟಿಯನ್ನು ಹಿಡಿಯುತ್ತದೆ. ಆ ಪರೀಕ್ಷೆ ಚೀಟಿಯಲ್ಲಿ ಬರೆಯುವಾಗ ಅತ್ತೆ ಎದುರಿಗೇ ಕೂತಿದ್ದರು. ವಿಡಿಆರ್‌ಎಲ್ ಅಂತ ಬರೆದೆ, ಬಿಡಿಸಿ ಹೇಳಲಿಲ್ಲ. ನೆಗೆಟಿವ್ ಬಂತು.

ಬಿ12 ಬಂದದ್ದು 96. ಆ ಲ್ಯಾಬಿನಲ್ಲಿ 200ಕ್ಕಿಂತ ಕೆಳಗೆ ಇದ್ದರೆ ಕೊರತೆ. ಹಿಮೋಗ್ಲೋಬಿನ್ 10.8, ಕೆಂಪು ರಕ್ತಕಣಗಳು ದೊಡ್ಡದಾಗಿ ಊದಿದ್ದವು. ಎಂಆರ್‌ಐಗೆ ಮಂಗಳೂರಿಗೆ ಕಳಿಸಿದೆ. "ಗಡಿ ಮುಚ್ಚುವುದಿಲ್ಲ ಅಲ್ವಾ ಡಾಕ್ಟ್ರೇ?" ಅಂದರು. 2020ರಲ್ಲಿ, ಕೊರೋನಾ ಹೊತ್ತಿಗೆ, ಕೇರಳ ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಫಿಲ್ಮಿನಲ್ಲಿ ಕತ್ತಿನ ಬಳ್ಳಿಯನ್ನು ಅಡ್ಡ ಕೊಯ್ದ ಚಿತ್ರ. ಹಿಂಬದಿಯಲ್ಲಿ ಬೆಳ್ಳಗೆ ಒಂದು ಗುರುತು, ಮಾಡಿನ ಎರಡು ಇಳಿಜಾರಿನ ಹಾಗೆ. ಬೆನ್ನಿನ ಪಟ್ಟಿ ಎಡಕ್ಕೂ ಬಲಕ್ಕೂ ಒಟ್ಟಿಗೆ ಕೆಟ್ಟಾಗ ಕಾಣುವುದು ಅದೇ.

ಇಷ್ಟು ಕಮ್ಮಿ ಆದದ್ದು ಹೇಗೆ? ಒಂದು ಕಾರಣ ಅಲ್ಲ, ಮೂರು ಸೇರಿವೆ. ಬಿ12 ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಸೊಪ್ಪು, ಬೇಳೆ, ಅಕ್ಕಿಯಲ್ಲಿ ಇಲ್ಲ. ಸಸ್ಯಾಹಾರಿಗೆ ಸಿಗುವುದು ಹಾಲು, ಮೊಸರಿನಿಂದ. ಮಾವನಿಗೆ ಅದು ದಿನಕ್ಕೆ ಎರಡು ಲೋಟ ನೀರುಮಜ್ಜಿಗೆ. ಎರಡನೆಯದು ಮೆಟ್‌ಫಾರ್ಮಿನ್. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರುವುದನ್ನು ಅದು ಕಮ್ಮಿ ಮಾಡುತ್ತದೆ. ಡೋಸು ಜಾಸ್ತಿ ಇದ್ದಷ್ಟು, ವರ್ಷ ಜಾಸ್ತಿ ಆದಷ್ಟು ಹೆಚ್ಚು. ಮೂರನೆಯದು ಫೈಲಿನಲ್ಲೇ ಇರಲಿಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್. "ಅದು ಮದ್ದಲ್ಲ ಡಾಕ್ಟ್ರೇ, ಗ್ಯಾಸಿನ ಮಾತ್ರೆ." ಮೆಡಿಕಲ್ಲಿನಿಂದ ಸುಮ್ನೆ ತರುತ್ತಿದ್ದರು. ಆಹಾರದ ಪ್ರೋಟೀನಿನಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಆ ಮಾತ್ರೆ ಆಮ್ಲವನ್ನೇ ಇಳಿಸುತ್ತದೆ. ಲಿವರಿನಲ್ಲಿ ಕೆಲವು ವರ್ಷಕ್ಕೆ ಸಾಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ಅದು ಮುಗಿಯುತ್ತಾ ಬಂದದ್ದು ಯಾರಿಗೂ ಕಾಣಲಿಲ್ಲ. ಬಿ12 ಇಲ್ಲದಿದ್ದರೆ ಮಯಲಿನ್ ಹೊದಿಕೆಯ ದುರಸ್ತಿ ನಡೆಯುವುದಿಲ್ಲ. ಪದರಗಳು ಊದಿ ಬಿಡುತ್ತವೆ, ಆಮೇಲೆ ಒಳಗಿನ ಎಳೆಯೂ ಹೋಗುತ್ತದೆ.

ಸಕ್ಕರೆಯ ಪಾಲು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆರಳ ತುದಿಯ ಪಿನ್ನು ಮಂದ ಆದದ್ದರಲ್ಲಿ ಅದರ ಕೈ ಇರಬಹುದು. ಆದರೆ ಸಂಕದಿಂದ ಬೀಳಿಸಿದ್ದು ಅದಲ್ಲ.

ಕೆಂಪು ಇಂಜೆಕ್ಷನ್

ಬಿ12 ಅಣುವಿನ ನಡುವೆ ಕೋಬಾಲ್ಟ್ ಇದೆ. ಇಂಜೆಕ್ಷನ್ ದಾಸವಾಳದ ನೀರಿನ ಹಾಗೆ ಕೆಂಪು. "ರಕ್ತ ಕೊಡ್ತಾ ಇದ್ದೀರಾ?" ಅಂತ ಅತ್ತೆ ಕೇಳಿದ್ದರು. ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಗ್ಯಾಸಿನ ಮಾತ್ರೆ ನಿಲ್ಲಿಸಿದೆವು, ಒಂದು ವಾರ ಎದೆ ಉರಿ ಬಂದು ಹೋಯಿತು. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ, ಡೋಸು ಇಳಿಸಿದೆ. ಇದನ್ನು ಓದಿ ಯಾರೂ ತಾವಾಗಿ ನಿಲ್ಲಿಸಬೇಡಿ. ಅದು ಒಳ್ಳೆಯ ಮದ್ದು. ವರ್ಷಕ್ಕೊಮ್ಮೆ ಬಿ12 ನೋಡಿಕೊಂಡರೆ ಆಯಿತು. ನನ್ನ ಕ್ಲಿನಿಕ್ಕಿನಲ್ಲಿ ನಾಲ್ಕು ವರ್ಷ ದಾಟಿದ ಮೆಟ್‌ಫಾರ್ಮಿನ್‌ನವರಿಗೆಲ್ಲ ಈಗ ಅದನ್ನು ಬರೆಯುತ್ತೇನೆ, ಮೊದಲು ಬರೆಯುತ್ತಿರಲಿಲ್ಲ. ರಕ್ತ ಕಮ್ಮಿ ಅಂತ ಬರೀ ಫೋಲಿಕ್ ಆಸಿಡ್ ತಿನ್ನುವುದು ಇನ್ನೊಂದು ಅಪಾಯ. ರಕ್ತ ಸರಿ ಆದಂತೆ ಕಾಣುತ್ತದೆ, ನರ ಒಳಗೊಳಗೇ ಕೆಡುತ್ತಾ ಹೋಗುತ್ತದೆ.

ಕತ್ತಿನ ಕರೆಂಟು ಆರು ವಾರದಲ್ಲಿ ನಿಂತಿತು. ಮೂರು ತಿಂಗಳಲ್ಲಿ ರಕ್ತ ಸರಿ. ಸುಣ್ಣದ ಲೆಕ್ಕ ಬೆರಳಿಗೆ ವಾಪಸ್ ಬಂತು. ಪಾದದ ಉರಿ ಮಾತ್ರ ಮೊದಲ ತಿಂಗಳು ಜಾಸ್ತಿಯೇ ಆಯಿತು, ಅವರು ಗಾಬರಿ ಆಗಿದ್ದರು, ನಾನೂ ಸ್ವಲ್ಪ. ಆಮೇಲೆ ಇಳಿಯಿತು. ಮಗ ಸಂಕಕ್ಕೆ ಒಂದು ಬದಿ ಬಿದಿರಿನ ಕೈಹಿಡಿ ಕಟ್ಟಿದ. ಮಾವ ಅದನ್ನು ಹಿಡಿಯುವುದಿಲ್ಲ, ಆದರೆ ಟಾರ್ಚು ಒಯ್ಯುತ್ತಾರೆ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದು ಹಾಕುತ್ತಾರೆ.

ಏಳನೇ ತಿಂಗಳ ಇಂಜೆಕ್ಷನ್ನಿಗೆ ಬಂದಾಗ ಮತ್ತೆ ಕವೆ ತೆಗೆದೆ. ಕಣ್ಣು ಮುಚ್ಚಿಸಿದೆ. ಮೊಣಕಾಲಿನಲ್ಲಿ ಸರಿಯಾಗಿ ಹೇಳಿದರು. ಹರಡಿನ ಎಲುಬಿಗೆ ಬಡಿದು ಇಟ್ಟೆ. "ಉಂಟು, ಸಣ್ಣಕ್ಕೆ." ಎತ್ತಿ, ಬೆರಳಿನಿಂದ ಹಿಡಿದು ನಿಲ್ಲಿಸಿ, ಮತ್ತೆ ಅಲ್ಲೇ ಇಟ್ಟೆ.

"ಡಾಕ್ಟ್ರೇ, ಈ ಸಲ ಬಡಿಯಲು ಮರೆತಿರಿ."

ಹೆಬ್ಬೆರಳಿಗೆ ಬಡಿದೇ ಇಟ್ಟೆ. ಸ್ವಲ್ಪ ಹೊತ್ತು ಕಾದರು, ತಲೆ ಅಲ್ಲಾಡಿಸಿದರು. ಫೈಲಿನಲ್ಲಿ ಬರೆದೆ: ಹರಡಿನಲ್ಲಿ ಇದೆ, ಹೆಬ್ಬೆರಳಲ್ಲಿ ಇಲ್ಲ.